ನಿಸರ್ಗಧಾಮದ ಮುಂದಿನ ಇಪ್ಪತ್ತು ವರ್ಷ: ಮೊದಲು ನೀರಿನ ಗೆರೆ, ಆಮೇಲೆ ನಮ್ಮ ನಕ್ಷೆ

(ಕುಶಾಲನಗರದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಮಾತಿನಲ್ಲಿ ಅಲ್ಲಲ್ಲಿ ದಾರಿ ತಪ್ಪಿದ್ದನ್ನು ಸ್ವಲ್ಪ ಸರಿಮಾಡಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾವೇರಿ ನಿಸರ್ಗಧಾಮ ಮುಂದೆ ಹೇಗಿರಬೇಕು ಅಂತ ಮಾತಾಡಲು ಕರೆದಿದ್ದೀರಿ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಮೊದಲ ಹತ್ತು ನಿಮಿಷದಲ್ಲೇ ಒಂದು ಪಟ್ಟಿ ತಯಾರಾಗುತ್ತದೆ. ಗಾಜಿನ ಸೇತುವೆ ಬೇಕು, ಜಿಪ್‌ಲೈನ್ ಬೇಕು, ಫುಡ್ ಕೋರ್ಟ್ ಬೇಕು, ಸೆಲ್ಫಿ ಪಾಯಿಂಟ್ ಬೇಕು, ಇನ್ನೂ ಹತ್ತು ಕಾಟೇಜ್ ಬೇಕು. ಈ ಪಟ್ಟಿ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ಆಗುತ್ತದೆ, ಡಿಪಿಆರ್ ಟೆಂಡರ್ ಆಗುತ್ತದೆ, ಟೆಂಡರ್ ಗುದ್ದಲಿ ಪೂಜೆ ಆಗುತ್ತದೆ. ಆಮೇಲೆ ಆಗಸ್ಟ್ ಬರುತ್ತದೆ.

ನಾನು ಇವತ್ತು ಹೇಳಬೇಕಾದ್ದು ಒಂದೇ ಮಾತು. ನಿಸರ್ಗಧಾಮ ಒಂದು ಪಾರ್ಕ್ ಅಲ್ಲ, ಹೊಳೆಯ ನಡುವಿನ ದ್ವೀಪ. ಹಾಗಾಗಿ ಅದರ ಯೋಜನೆ ಶುರುವಾಗಬೇಕಾದ್ದು ನೀರು ಎಲ್ಲಿಯವರೆಗೆ ಬರುತ್ತದೆ ಅನ್ನುವ ಗೆರೆಯಿಂದ. ಯಾವುದನ್ನು ಎಲ್ಲಿ ಕಟ್ಟಬೇಕು, ಎಷ್ಟು ಜನರನ್ನು ಬಿಡಬೇಕು, ಎಷ್ಟು ತಿಂಗಳು ತೆರೆದಿರಬೇಕು, ಇವೆಲ್ಲ ಆ ಗೆರೆಯ ನಂತರದ ಪ್ರಶ್ನೆಗಳು. ನಾವು ಮಾಡುತ್ತಿರುವುದು ಉಲ್ಟಾ.

ಜಾಗ ನಿಮಗೆಲ್ಲ ಗೊತ್ತು, ಆದರೂ ಓದುವವರಿಗಾಗಿ ಹೇಳುತ್ತೇನೆ. ಕುಶಾಲನಗರದಿಂದ ಮಡಿಕೇರಿ ಕಡೆಗೆ ಹೆದ್ದಾರಿಯಲ್ಲಿ ಮೂರು ಕಿಲೋಮೀಟರ್ ಹೋದರೆ ಎಡಗಡೆ ಗೇಟು. ತೂಗುಸೇತುವೆ ದಾಟಿದರೆ ಸುಮಾರು 64 ಎಕರೆಯ ದ್ವೀಪ. ಬಿದಿರು ಮೆಳೆಗಳು, ತೇಗ, ಜಿಂಕೆಗಳ ಬೇಲಿ, ಮಕ್ಕಳ ಆಟದ ಜಾಗ, ಹೊಳೆಗೆ ಇಳಿಯಲು ಒಂದೆರಡು ಕಡೆ ದಾರಿ. ಅರಣ್ಯ ಇಲಾಖೆ 1980ರ ದಶಕದ ಕೊನೆಯಲ್ಲಿ ಇದನ್ನು ಜನರಿಗಾಗಿ ತೆರೆಯಿತು. ಆಗ ಕೊಡಗಿಗೆ ಬರುತ್ತಿದ್ದವರ ಸಂಖ್ಯೆಗೂ ಈಗ ಒಂದು ಲಾಂಗ್ ವೀಕೆಂಡ್‌ಗೆ ಬರುವವರ ಸಂಖ್ಯೆಗೂ ಹೋಲಿಕೆಯೇ ಇಲ್ಲ. ದ್ವೀಪ ಮಾತ್ರ ಅಷ್ಟೇ ಇದೆ. ಹೊಳೆ ಕೊರೆದ ಕಡೆ ಇನ್ನೂ ಸ್ವಲ್ಪ ಕಡಿಮೆಯೇ ಆಗಿರಬಹುದು.

ಈಗ ನೀರಿಗೆ ಬರೋಣ. ಕುಶಾಲನಗರದಲ್ಲಿ ಬೀಳುವ ಮಳೆ ನೋಡಿ ಇಲ್ಲಿನ ಹೊಳೆಯನ್ನು ಅಂದಾಜು ಮಾಡಲು ಆಗುವುದಿಲ್ಲ. ಹೊಳೆಯ ಮೇಲ್ಗಡೆ, ಭಾಗಮಂಡಲದ ಕಡೆ, ವರ್ಷಕ್ಕೆ 5000 ಮಿಲಿಮೀಟರ್ ದಾಟುವ ಮಳೆ. ಕುಶಾಲನಗರದಲ್ಲಿ ಅದರ ಕಾಲು ಭಾಗವೂ ಇಲ್ಲ. ಇಲ್ಲಿ ಬಿಸಿಲು ಇರುತ್ತದೆ, ಬೆಂಗಳೂರಿನಿಂದ ಬಂದವರು ಕ್ಯಾಪ್ ಹಾಕಿಕೊಂಡು ಫೋಟೋ ತೆಗೆಯುತ್ತಿರುತ್ತಾರೆ, ಅದೇ ಹೊತ್ತಿಗೆ ಮೇಲಿಂದ ಕೆಂಪು ನೀರು ಇಳಿದು ಬರುತ್ತಿರುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಸರ್ಗಧಾಮದ ಮೇಲ್ಗಡೆ ಕಾವೇರಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಹಾರಂಗಿ ಡ್ಯಾಮ್ ಇರುವುದು ಹಾರಂಗಿ ಹೊಳೆಗೆ, ಆ ಹೊಳೆ ಕಾವೇರಿಯನ್ನು ಸೇರುವುದು ಕೂಡಿಗೆಯಲ್ಲಿ, ಅಂದರೆ ನಮ್ಮ ಕೆಳಗಡೆ. ಮುಖ್ಯ ಹೊಳೆಗೆ ಮೊದಲ ದೊಡ್ಡ ಅಣೆಕಟ್ಟು ಕೆಆರ್‌ಎಸ್. ಹಾಗಾಗಿ "ಗೇಟ್ ಹಾಕಿದರೆ ನೀರು ನಿಲ್ಲುತ್ತೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮೇಲೆ ಬಿದ್ದದ್ದು ಬಂದೇ ಬರುತ್ತದೆ. ಕೂಡಿಗೆಯಲ್ಲಿ ಎರಡೂ ಹೊಳೆ ಒಟ್ಟಿಗೆ ತುಂಬಿದರಂತೂ ಕಾವೇರಿಯ ನೀರು ಮುಂದೆ ಸಾಗದೆ ಹಿಂದಕ್ಕೆ ಏರುತ್ತದೆ. ಹೊಳೆ ಸೇರುವ ಕಡೆಗಳಲ್ಲೆಲ್ಲ ಇದು ಹೀಗೇ.

2018 ಮತ್ತು 2019ರ ಆಗಸ್ಟ್ ನೆರೆಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಸಾಯಿ ಬಡಾವಣೆ, ಕುವೆಂಪು ಬಡಾವಣೆಯಲ್ಲಿ ಮನೆ ಇರುವವರು ಈ ಸಭೆಯಲ್ಲೇ ಇದ್ದೀರಿ. ಮನೆಯೊಳಗೆ ನೀರು ಎಷ್ಟು ಎತ್ತರ ಬಂತು ಅನ್ನುವುದು ನಿಮ್ಮ ಗೋಡೆ ಮೇಲೆ ಇನ್ನೂ ಕಾಣಬಹುದು. ನಾನು ಕೇಳುವುದು ಇಷ್ಟೇ: ಬಡಾವಣೆಯಲ್ಲಿ ಆ ಗೆರೆ ಎಲ್ಲರಿಗೂ ಗೊತ್ತಿದೆ, ದ್ವೀಪದಲ್ಲಿ ಆ ಗೆರೆ ಎಲ್ಲಿದೆ ಅಂತ ಯಾರಾದರೂ ಒಂದು ಬೋರ್ಡ್ ಹಾಕಿದ್ದಾರಾ? ಸೇತುವೆ ಕಂಬದ ಮೇಲೆ, ಮರದ ಮೇಲೆ, ಟಿಕೆಟ್ ಕೌಂಟರ್ ಹತ್ತಿರ, ವರ್ಷ ಬರೆದು ಒಂದು ಕೆಂಪು ಗೆರೆ? ಇದಕ್ಕೆ ಡಿಪಿಆರ್ ಬೇಕಾಗಿಲ್ಲ. ಒಂದು ಡಬ್ಬ ಪೇಂಟ್ ಸಾಕು.

ಆ ಗೆರೆ ಸಿಕ್ಕ ಮೇಲೆ ದ್ವೀಪವನ್ನು ಮೂರು ಭಾಗ ಮಾಡಬಹುದು. ಪ್ರತಿ ವರ್ಷ ಮುಳುಗುವ ಜಾಗ. ದೊಡ್ಡ ನೆರೆ ಬಂದಾಗ ಮಾತ್ರ ಮುಳುಗುವ ಜಾಗ. ಎಂಥ ನೆರೆಯಲ್ಲೂ ಉಳಿಯುವ ಸ್ವಲ್ಪ ಎತ್ತರದ ಜಾಗ, ಅದು ಇದ್ದರೆ. ಮೊದಲನೆಯದರಲ್ಲಿ ಹುಲ್ಲು, ಹೊಳೆಮತ್ತಿ, ಹೊಂಗೆ, ಬಿದಿರು, ಮಣ್ಣಿನ ದಾರಿ, ಕಲ್ಲಿನ ಬೆಂಚು, ಇಷ್ಟೇ. ಇವೆಲ್ಲ ಎರಡು ದಿನ ನೀರೊಳಗೆ ನಿಂತು ಎದ್ದು ಬರುವಂಥವು. ಎರಡನೆಯದರಲ್ಲಿ ಮಕ್ಕಳ ಜೋಕಾಲಿ, ನೆರಳಿನ ಚಪ್ಪರ, ಬಿಚ್ಚಿ ಎತ್ತಿಡಬಹುದಾದ ಅಂಗಡಿ. ಕರೆಂಟಿನ ಪ್ಯಾನೆಲ್, ಶೌಚಾಲಯದ ಪಿಟ್, ಅಡುಗೆಮನೆ, ರಾತ್ರಿ ಜನ ಮಲಗುವ ಕೋಣೆ, ಇವ್ಯಾವುವೂ ಮೊದಲ ಎರಡು ಭಾಗದಲ್ಲಿ ಇರಬಾರದು. ಮೂರನೆಯ ಭಾಗ ದ್ವೀಪದಲ್ಲಿ ಇಲ್ಲದಿದ್ದರೆ ಅವು ದ್ವೀಪದಲ್ಲೇ ಇರಬಾರದು. ಹೆದ್ದಾರಿ ಕಡೆಗೆ, ಎತ್ತರಕ್ಕೆ ಬರಬೇಕು.

ಕಾಟೇಜ್ ಬಗ್ಗೆ ಕೆಲವರಿಗೆ ಬೇಜಾರಾಗುತ್ತದೆ ಅಂತ ಗೊತ್ತು. ಹೊಳೆ ನೋಡಿಕೊಂಡು ಮಲಗುವುದು ಚೆಂದವೇ. ಆದರೆ ಮಳೆಗಾಲದ ರಾತ್ರಿ ಎರಡು ಗಂಟೆಗೆ ನೀರು ಏರಿದರೆ, ಆ ಹೊತ್ತಿನಲ್ಲಿ ಮಕ್ಕಳು ಮರಿ ಕರೆದುಕೊಂಡು ತೂಗುಸೇತುವೆ ದಾಟಬೇಕಾದವರು ಯಾರು? ಕೊಡಗಿನಲ್ಲಿ ಹೋಂಸ್ಟೇಗಳಿಗೆ ಬರ ಇಲ್ಲ. ಹಗಲು ದ್ವೀಪದಲ್ಲಿರಲಿ, ರಾತ್ರಿ ಊರಿನಲ್ಲಿರಲಿ. ಊರಿನವರಿಗೂ ನಾಲ್ಕು ಕಾಸು ಆಗುತ್ತದೆ.

"ಸುತ್ತಲೂ ಗಟ್ಟಿ ತಡೆಗೋಡೆ ಕಟ್ಟಿಬಿಟ್ಟರೆ ಆಗಲ್ವಾ, ಸಾಬರಮತಿ ತರ?" ಅಂತ ಬಹಳ ಸಲ ಕೇಳಿದ್ದೇನೆ. ಅಹಮದಾಬಾದಿನಲ್ಲಿ ಮಾಡಿದ್ದು ಏನು ಅಂತ ನೋಡಿ. ಹನ್ನೊಂದು ಕಿಲೋಮೀಟರಿಗೂ ಜಾಸ್ತಿ ಉದ್ದಕ್ಕೆ ಎರಡೂ ದಡ ಕಾಂಕ್ರೀಟ್ ಮಾಡಿ, ನದಿಯ ಅಗಲವನ್ನು ಒಂದೇ ಅಳತೆಗೆ ತಂದು, ಉಳಿದ ಜಾಗವನ್ನು ವಾಕಿಂಗ್ ಪಾತ್, ತೋಟ, ರಸ್ತೆ ಮಾಡಿಕೊಂಡರು. ಅದಕ್ಕಾಗಿ ದಂಡೆಯಲ್ಲಿದ್ದ ಸಾವಿರಾರು ಬಡ ಕುಟುಂಬಗಳು ಎದ್ದು ಹೋಗಬೇಕಾಯಿತು. ಅಲ್ಲಿ ಈಗ ಕಾಣುವ ತುಂಬಿದ ನೀರು ಬಹುಪಾಲು ನರ್ಮದಾ ಕಾಲುವೆಯಿಂದ ತಂದದ್ದು, ಕೆಳಗಡೆ ವಾಸಣಾ ಬ್ಯಾರೇಜ್ ಅದನ್ನು ನಿಲ್ಲಿಸಿಕೊಳ್ಳುತ್ತದೆ. ಅದು ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಬೇರೆ ಚರ್ಚೆ. ನಮ್ಮದು ಆ ಜಾತಿಯ ನದಿಯೇ ಅಲ್ಲ. ಇಲ್ಲಿ ಗೋಡೆ ಕಟ್ಟಿ ಹೊಳೆಯನ್ನು ಕಿರಿದು ಮಾಡಿದರೆ ಆ ನೀರು ಎಲ್ಲಿಗೆ ಹೋಗುತ್ತದೆ? ಎದುರು ದಡದ ಗದ್ದೆಗೆ, ಇಲ್ಲವೇ ಕೆಳಗಿನ ನಿಮ್ಮ ಬಡಾವಣೆಗೆ. ದ್ವೀಪ ಮುಳುಗುವುದು ಒಂದು ತರದಲ್ಲಿ ಊರಿಗೆ ಒಳ್ಳೆಯದು. ಹೊಳೆಗೆ ಹರಡಿಕೊಳ್ಳಲು ಅಷ್ಟು ಜಾಗ ಸಿಗುತ್ತದೆ.

ಇದನ್ನೇ ನೆದರ್ಲೆಂಡ್ಸ್‌ನವರು ಕಷ್ಟಪಟ್ಟು ಕಲಿತರು. ಗೋಡೆ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೂ 1995ರಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಆಮೇಲೆ ಅವರು ಯೋಚನೆಯ ದಿಕ್ಕನ್ನೇ ಬದಲಿಸಿ, ಗೋಡೆಯನ್ನು ಎತ್ತರಿಸುವ ಬದಲು ಹಿಂದಕ್ಕೆ ಸರಿಸಿದರು. ನೈಮೇಖನ್ ಅನ್ನುವ ಊರಿನ ಎದುರು ವಾಲ್ ನದಿಯ ಏರಿಯನ್ನು ಸುಮಾರು 350 ಮೀಟರ್ ಒಳಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿದರು. ದೊಡ್ಡ ನೆರೆಯಲ್ಲಿ ನೀರಿನ ಮಟ್ಟ ಒಂದು ಅಡಿಗೂ ಜಾಸ್ತಿ ಇಳಿಯುವ ಹಾಗಾಯಿತು. ಎರಡು ಹೊಳೆಗಳ ನಡುವೆ ಹೊಸದಾಗಿ ಒಂದು ದ್ವೀಪ ಹುಟ್ಟಿತು, ಅಲ್ಲಿ ಈಗ ಜನ ಬೇಸಿಗೆಯಲ್ಲಿ ಈಜಾಡುತ್ತಾರೆ, ಪಿಕ್ನಿಕ್ ಮಾಡುತ್ತಾರೆ. ಅವರು ಕೋಟಿಗಟ್ಟಲೆ ಯೂರೋ ಸುರಿದು ಮಾಡಿಕೊಂಡದ್ದು ನಮಗೆ ಸುಮ್ನೆ ಸಿಕ್ಕಿದೆ. ನಾವು ಅದರ ಸುತ್ತ ಗೋಡೆ ಕಟ್ಟಲು ಹೊರಟಿದ್ದೇವೆ!

ಅಷ್ಟು ದೂರ ಬೇಡ ಅಂದರೆ ಸಿಂಗಪುರ ನೋಡಿ. ಬಿಶಾನ್ ಅನ್ನುವ ಕಡೆ ಕಲ್ಲಂಗ್ ನದಿ 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಚರಂಡಿಯಾಗಿತ್ತು. ಅದನ್ನು ಒಡೆದು, ಬಳುಕಿ ಹರಿಯುವ 3.2 ಕಿಲೋಮೀಟರಿನ ಹೊಳೆ ಮಾಡಿ, 62 ಹೆಕ್ಟೇರಿನ ಪಾರ್ಕ್ ಒಳಗೇ ಬಿಟ್ಟರು. 2012ರಲ್ಲಿ ಕೆಲಸ ಮುಗಿಯಿತು. ಒಣಗಿದ ದಿನ ಮಕ್ಕಳು ನೀರಿಗೆ ಇಳಿದು ಆಡುತ್ತಾರೆ, ಮಳೆ ಬಂದ ದಿನ ಅದೇ ಹುಲ್ಲಿನ ಮೇಲೆ ಹೊಳೆ ಹರಿಯುತ್ತದೆ. ನೀರಿನ ಮಟ್ಟ ಏರಿದ ಕೂಡಲೇ ಸೈರನ್, ಕೆಂಪು ದೀಪ. ಮುಳುಗುವುದನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ಪಾರ್ಕ್ ಅದು.

ಸೈರನ್ ವಿಷಯ ಬಂತಲ್ಲ, ನಮ್ಮಲ್ಲಿ ಅದಕ್ಕೂ ಒಳ್ಳೆಯ ಸೂಚನೆ ಇದೆ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿತು, ನಾಪೋಕ್ಲು ರಸ್ತೆ ಬಂದ್ ಆಯಿತು ಅಂತ ಫೋನಿನಲ್ಲಿ ಫೋಟೋ ಓಡಾಡಲು ಶುರುವಾದರೆ ಇಲ್ಲಿ ನಮ್ಮವರಿಗೆ ಮುಂದೇನು ಅಂತ ಗೊತ್ತು. ಆ ತಿಳುವಳಿಕೆಯನ್ನೇ ನಿಯಮ ಮಾಡಿ. ಮೇಲೆ ಇಂಥ ಕಡೆ ನೀರು ಇಷ್ಟು ಎತ್ತರ ಮುಟ್ಟಿದರೆ ಇಲ್ಲಿ ಟಿಕೆಟ್ ಬಂದ್, ಇನ್ನಿಷ್ಟು ಮುಟ್ಟಿದರೆ ದ್ವೀಪ ಖಾಲಿ. ಗೇಟಿನಲ್ಲಿರುವ ಸಿಬ್ಬಂದಿ ಯಾರನ್ನೂ ಕೇಳಬೇಕಾಗಿರಬಾರದು. ಭಾನುವಾರ ಸಾಹೇಬರ ಫೋನ್ ಸಿಗಲಿಲ್ಲ ಅಂತ ಕಾಯುವ ಹಾಗೆ ಇರಬಾರದು.

ಈಗ ಜನರ ಲೆಕ್ಕ. ದ್ವೀಪಕ್ಕೆ ಬಾಗಿಲು ತೂಗುಸೇತುವೆ. ಯೋಜನೆ ಮಾಡುವವನಿಗೆ ಇದು ವರ. ಎಷ್ಟು ಜನ ಒಳಗಿದ್ದಾರೆ ಅಂತ ಎಣಿಸುವುದು ಇಷ್ಟು ಸುಲಭವಾದ ಜಾಗ ಕರ್ನಾಟಕದಲ್ಲಿ ಇನ್ನೆಲ್ಲೂ ಸಿಗಲಿಕ್ಕಿಲ್ಲ. ಆದರೆ ಅದೇ ಸೇತುವೆ ಅಪಾಯವೂ ಹೌದು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ಏನಾಯಿತು ಅಂತ ನೆನಪಿದೆ ಅಲ್ವಾ? ಮಚ್ಛೂ ನದಿಯ ಮೇಲಿನ ಹಳೆಯ ತೂಗುಸೇತುವೆ, ಟಿಕೆಟ್ ಕೊಟ್ಟು ಹೋಗುವಂಥದ್ದು, ರಿಪೇರಿ ಮಾಡಿ ತೆರೆದು ಒಂದು ವಾರವೂ ಆಗಿರಲಿಲ್ಲ. ದೀಪಾವಳಿ ರಜೆ. ಸೇತುವೆ ಹರಿದುಬಿತ್ತು, 135 ಜನ ಸತ್ತರು. ಸೇತುವೆಯ ಮೇಲೆ ಒಮ್ಮೆಗೆ ಎಷ್ಟು ಜನ ಇರಬಹುದು ಅನ್ನುವುದನ್ನು ಎಂಜಿನಿಯರ್ ಬರೆದುಕೊಡಬೇಕು, ಅದು ದೊಡ್ಡ ಅಕ್ಷರದಲ್ಲಿ ಎರಡೂ ತುದಿಯಲ್ಲಿ ಇರಬೇಕು, ಎಣಿಸುವವರು ನಿಂತಿರಬೇಕು. ಮಧ್ಯದಲ್ಲಿ ನಿಂತು ಜೋಲಿ ಹೊಡೆಯುವ ಹುಡುಗರಿಗೆ ಬೈಯುವವರು ಕೂಡ ಬೇಕು. ತಪಾಸಣೆ ಯಾವಾಗ ಆಯಿತು ಅನ್ನುವ ದಿನಾಂಕವನ್ನೂ ಅಲ್ಲೇ ಬರೆಯಿರಿ.

ದಿನಕ್ಕೆ ಎಷ್ಟು ಜನ ಅನ್ನುವುದಕ್ಕೂ ಲೆಕ್ಕ ಇದೆ, ಬಾಯಿಗೆ ಬಂದಂತೆ ಹೇಳಬೇಕಾಗಿಲ್ಲ. ಸುಮ್ನೆ ಉದಾಹರಣೆಗೆ ತೆಗೆದುಕೊಳ್ಳಿ, ಅಳತೆ ನನ್ನ ಕಲ್ಪನೆ. ಒಳಗೆ ನಡೆಯುವ ದಾರಿ 2000 ಮೀಟರ್. ಹತ್ತು ಜನರ ಒಂದು ಗುಂಪಿಗೂ ಇನ್ನೊಂದಕ್ಕೂ 50 ಮೀಟರ್ ಅಂತರ ಇದ್ದರೆ ಹಕ್ಕಿ ಸದ್ದು ಕೇಳಿಸುತ್ತದೆ ಅಂದುಕೊಳ್ಳಿ. ಆಗ ಒಮ್ಮೆಗೆ 40 ಗುಂಪು, 400 ಜನ. ಒಂದು ಗುಂಪು ಎರಡು ಗಂಟೆ ಇರುತ್ತದೆ, ದಿನಕ್ಕೆ ಎಂಟು ಗಂಟೆ ತೆರೆದಿರುತ್ತದೆ, ಅಂದರೆ ನಾಲ್ಕು ಸರದಿ. 1600 ಜನ. ಇದು ಮೇಲಿನ ಮಿತಿ. ಇದರಿಂದ ಕಳೆಯುತ್ತಾ ಹೋಗಬೇಕು. ಶೌಚಾಲಯ ಎಷ್ಟು ಜನರಿಗೆ ಸಾಕು, ಕಸ ಎತ್ತುವವರು ಎಷ್ಟು ಜನ, ಹೊಳೆ ದಡದಲ್ಲಿ ಕಾಯುವ ಲೈಫ್‌ಗಾರ್ಡ್ ಎಷ್ಟು ಜನ, ಮೆಳೆಗೆ ವಿಶ್ರಾಂತಿ ಕೊಡಲು ಎಷ್ಟು ದಾರಿ ಮುಚ್ಚಬೇಕು. ಕೊನೆಗೆ ಉಳಿಯುವ ಸಂಖ್ಯೆಯನ್ನು ಒಪ್ಪಿಕೊಂಡು ಬುಕಿಂಗ್ ಮಾಡಬೇಕು. ಪಕ್ಕದ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2024ರ ಮೇ ತಿಂಗಳಿಂದ ಇ-ಪಾಸ್ ಬಂತು. ಮುಂದಿನ ವರ್ಷದ ಸೀಸನ್‌ಗೆ ವಾರದ ದಿನ 6000 ವಾಹನ, ವಾರಾಂತ್ಯ 8000 ಅಂತ ಮಿತಿಯೂ ಬಂತು. ಇಡೀ ಜಿಲ್ಲೆಗೆ ಮಿತಿ ಹಾಕಬಹುದಾದರೆ ಒಂದೇ ಬಾಗಿಲಿನ ದ್ವೀಪಕ್ಕೆ ಹಾಕಲು ಯಾಕೆ ಆಗುವುದಿಲ್ಲ?

ಇನ್ನು ಬಿದಿರು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಯೋಜನೆಯ ಕಾಗದಗಳಲ್ಲಿ ಬಿದಿರು ಬರೀ ಹಿನ್ನೆಲೆಯ ಚಿತ್ರವಾಗಿ ಬರುತ್ತದೆ. ಬಿದಿರು ತೆಗೆದುಬಿಟ್ಟರೆ ನಿಸರ್ಗಧಾಮದಲ್ಲಿ ಉಳಿಯುವುದೇನು? ಬಿಸಿಲು ಬೀಳುವ ಮರಳು ದಿಬ್ಬ. ಆ ನೆರಳು, ಗಾಳಿಗೆ ಕಿರುಗುಟ್ಟುವ ಸದ್ದು, ಕೆಳಗಿನ ತಂಪು, ಎಲ್ಲ ಬಿದಿರಿನದು. ಅದಕ್ಕಿಂತ ಮುಖ್ಯ, ದ್ವೀಪದ ಅಂಚನ್ನು ಹಿಡಿದಿಟ್ಟಿರುವುದೂ ಅದರ ಬೇರು. ಮೇಲ್ಮಣ್ಣಿನಲ್ಲಿ ಒತ್ತಾಗಿ ಹೆಣೆದುಕೊಂಡಿರುವ ಆ ಬೇರಿನ ಬಲೆ ಮಾಡುವ ಕೆಲಸಕ್ಕೆ ಕಾಂಕ್ರೀಟ್ ಹಾಕಲು ಹೋದರೆ ಎಷ್ಟು ಖರ್ಚು ಅಂತ ಗುತ್ತಿಗೆದಾರರನ್ನು ಕೇಳಿ, ಅವರು ಖುಷಿಯಿಂದ ಹೇಳುತ್ತಾರೆ.

ಹೆಬ್ಬಿದಿರಿಗೆ ಒಂದು ಸ್ವಭಾವ ಇದೆ. ನಲವತ್ತು ವರ್ಷದ ಆಸುಪಾಸಿನಲ್ಲಿ, ಒಂದು ಪ್ರದೇಶದ ಮೆಳೆಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಹೂ ಬಿಡುತ್ತವೆ, ಅಕ್ಕಿ ಉದುರಿಸುತ್ತವೆ, ಆಮೇಲೆ ಒಣಗಿ ಸಾಯುತ್ತವೆ. ಬಿದಿರಕ್ಕಿ ಆರಿಸಿ ತಂದು ಪಾಯಸ ಮಾಡಿದ ಕಥೆ ನಿಮ್ಮ ಮನೆ ಹಿರಿಯರು ಹೇಳಿರುತ್ತಾರೆ. ಆ ವರ್ಷ ಇಲಿ ಜಾಸ್ತಿಯಾಗುತ್ತದೆ, ಒಣ ಬಿದಿರಿಗೆ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಹಿಡಿಯಲು ಆಗುವುದಿಲ್ಲ. ಕಾಡಿನಲ್ಲಿ ಹೀಗಾದರೆ ಕಾಡು ಮತ್ತೆ ಚಿಗುರುತ್ತದೆ, ಅದಕ್ಕೆ ಅವಸರವಿಲ್ಲ. ದಿನಕ್ಕೆ ಸಾವಿರ ಜನ ತುಳಿಯುವ ದ್ವೀಪದಲ್ಲಿ ಹೊಸ ಸಸಿ ಏಳುವುದೇ ಇಲ್ಲ. ಎಲ್ಲ ಮೆಳೆಯೂ ಒಂದೇ ವಯಸ್ಸಿನವಾಗಿದ್ದರೆ ಒಂದು ದಿನ ಇಡೀ ದ್ವೀಪ ಬೋಳಾಗುತ್ತದೆ, ಅದರ ಮುಂದಿನ ಆಗಸ್ಟ್‌ನಲ್ಲಿ ಅಂಚು ಕುಸಿಯುತ್ತದೆ. ಅದಕ್ಕೇ ಈಗಿನಿಂದ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಜಾಗ ಬೇಲಿ ಹಾಕಿ ಮುಚ್ಚಬೇಕು, ಬೇರೆ ಬೇರೆ ಕಡೆಯ ಬೀಜದಿಂದ ಬಂದ ಸಸಿ ನೆಡಬೇಕು, ಒಂದೇ ಜಾತಿ ನೆಡದೆ ಕಿರುಬಿದಿರನ್ನೂ ಸೇರಿಸಬೇಕು, ನೀರಂಚಿಗೆ ಹೊಳೆಮತ್ತಿ, ಹೊಳೆದಾಸವಾಳ, ಹೊಂಗೆ, ನಡುವೆ ಲಾವಂಚ. ಯಾವ ಮೆಳೆ ಯಾವಾಗ ನೆಟ್ಟದ್ದು ಅಂತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ನಲವತ್ತು ವರ್ಷದ ಆಮೇಲೆ ಅದನ್ನು ಓದುವವರು ಬೇರೆಯವರು, ಆದರೂ ಬರೆದಿಡಬೇಕು. ಬಿದಿರಿನ ಮೇಲೆ ಹೆಸರು ಕೊರೆಯುವ ಪ್ರೇಮಿಗಳಿಗೆ ಏನು ಮಾಡಬೇಕು ಅಂತ ಮಾತ್ರ ನನಗೆ ಹೊಳೆದಿಲ್ಲ.

ಪ್ರಾಣಿಗಳ ಬಗ್ಗೆ ಚಿಕ್ಕದಾಗಿ. ಪ್ರಾಣಿಗಳನ್ನು ಕೂಡಿಟ್ಟು ಜನರಿಗೆ ತೋರಿಸಬೇಕಾದರೆ ಕೇಂದ್ರ ಮೃಗಾಲಯ ಪ್ರಾಧಿಕಾರದ ನಿಯಮಗಳಿವೆ, ಅವನ್ನು ಪಾಲಿಸಿದರೆ ಸಾಕು ಅಂತಲ್ಲ. ಬೇಲಿಯೊಳಗಿನ ಜಿಂಕೆ ನೆರೆ ಬಂದಾಗ ಎಲ್ಲಿಗೆ ಓಡಬೇಕು? ದ್ವೀಪದಲ್ಲಿ ಹೊಸ ಪ್ರಾಣಿ, ಹೊಸ ಪಂಜರ ಬೇಡ. ಇಲ್ಲೇ ಇರುವುದನ್ನು ತೋರಿಸಿ. ಕಾವೇರಿಯಲ್ಲಿ ನೀರುನಾಯಿ ಇದೆ, ಬಿಳಿಮೀನು, ಅಂದರೆ ಮಹಶೀರ್, ಇದೆ. ಡುಬ್ಬದ ಮಹಶೀರ್ ಅನ್ನುವ ಜಾತಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ, ಅದು ಈಗ ಅಳಿವಿನ ಅಂಚಿನಲ್ಲಿದೆ ಅಂತ 2018ರಲ್ಲೇ ಕೆಂಪು ಪಟ್ಟಿಗೆ ಸೇರಿಸಿದರು. ಮಕ್ಕಳಿಗೆ ಇದನ್ನು ಹೇಳುವ ಒಂದು ಗುಡಿಸಲು ಮಾಡಿದರೆ ಮೊಲದ ಗೂಡಿಗಿಂತ ಚೆನ್ನ.

ನೀರಿಗೆ ಇಳಿಯುವವರ ವಿಷಯಕ್ಕೆ ಬರೋಣ. ಬಂದವರು ನೀರಿಗೆ ಇಳಿದೇ ಇಳಿಯುತ್ತಾರೆ. "ಇಳಿಯಬೇಡಿ" ಅಂತ ಬೋರ್ಡ್ ಹಾಕಿದರೆ ಬೋರ್ಡ್ ಇಲ್ಲದ ಕಡೆ ಇಳಿಯುತ್ತಾರೆ, ಅಲ್ಲೇ ಸುಳಿ ಇರುತ್ತದೆ. ಕೊಡಗಿನ ಹೊಳೆಗಳಲ್ಲಿ ಸಾಯುವ ಹುಡುಗರಲ್ಲಿ ಬಹಳ ಮಂದಿ ಹೊರಗಿನಿಂದ ಬಂದವರು, ಬಂಡೆ ಕೆಳಗಿನ ಗುಂಡಿ ಗೊತ್ತಿಲ್ಲದವರು. ಹಾಗಾಗಿ ಎರಡೋ ಮೂರೋ ಕಡೆ ಆಳ ಕಡಿಮೆ ಇರುವ ಜಾಗ ಆರಿಸಿ, ಹಗ್ಗ ಕಟ್ಟಿ, ಮೆಟ್ಟಿಲು ಮಾಡಿ, ಕಾಯುವವರನ್ನು ನಿಲ್ಲಿಸಿ. ಪ್ರತಿ ಮಳೆಗಾಲ ಮುಗಿದ ಮೇಲೆ ಆ ಜಾಗಗಳನ್ನು ಹೊಸದಾಗಿ ಅಳೆಯಬೇಕು, ಯಾಕೆಂದರೆ ನೆರೆ ಹೊಳೆಯ ತಳವನ್ನೇ ಬದಲಿಸಿರುತ್ತದೆ. ಹೋದ ವರ್ಷ ಮೊಣಕಾಲುದ್ದ ಇದ್ದ ಕಡೆ ಈ ವರ್ಷ ಆಳು ಮುಳುಗಬಹುದು.

ನೀರು ಸ್ನಾನಕ್ಕೆ ಯೋಗ್ಯವಾ ಅನ್ನುವುದು ಇನ್ನೊಂದು ಪ್ರಶ್ನೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನದ ನೀರಿನಲ್ಲಿ, 100 ಮಿಲಿಲೀಟರಿಗೆ, ಮಲದಿಂದ ಬರುವ ಬ್ಯಾಕ್ಟೀರಿಯಾದ ಲೆಕ್ಕ 500ರ ಒಳಗಿದ್ದರೆ ಒಳ್ಳೆಯದು, 2500 ದಾಟಲೇಬಾರದು. ಮೇಲ್ಗಡೆ ಊರುಗಳ ಚರಂಡಿ ಇದೆ, ರೆಸಾರ್ಟ್‌ಗಳಿವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು, ಇದೆ, ಅದೂ ಹೊಳೆ ಇಳಿಯುವ ಹೊತ್ತಿಗೇ. ಕ್ರಿಸ್‌ಮಸ್ ರಜೆಯ ಜನವೂ ಆಗಲೇ ಬರುವುದು. ವಾರಕ್ಕೊಂದು ಸಲ ನೀರು ಪರೀಕ್ಷೆ ಮಾಡಿ ಗೇಟಿನಲ್ಲಿ ಬರೆಯಿರಿ. ಸಂಖ್ಯೆ ಕೆಟ್ಟದಾಗಿದ್ದರೆ ಟಿಕೆಟ್ ಕೊಳ್ಳುವವನೇ ಗಲಾಟೆ ಮಾಡುತ್ತಾನೆ, ಆಗ ಮೇಲಿನವರ ಮೇಲೆ ಒತ್ತಡ ಬೀಳುತ್ತದೆ. ನಮ್ಮ ನೂರು ಮನವಿಪತ್ರಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ.

ಬಾಟಲಿಗೆ ಠೇವಣಿ ಇಡಿ. ನೀಲಗಿರಿಯಲ್ಲಿ ಮದ್ಯದ ಬಾಟಲಿಗೆ ಹತ್ತು ರೂಪಾಯಿ ಜಾಸ್ತಿ ತೆಗೆದುಕೊಂಡು ವಾಪಸ್ ತಂದಾಗ ಕೊಡುವ ಪದ್ಧತಿ 2022ರಿಂದ ನಡೆಯುತ್ತಿದೆ. ಇಲ್ಲಿ ಒಂದೇ ಬಾಗಿಲು ಇರುವಾಗ ನೀರಿನ ಬಾಟಲಿಗೂ ಅದನ್ನೇ ಮಾಡಬಹುದು. ಬೆಂಗಳೂರಿನಿಂದ ಬಂದವರಿಗೆ ಇನ್ನೊಂದು ಮಾತು ಗೇಟಿನಲ್ಲಿ ಬರೆಯಬೇಕು: ನೀವು ಇಲ್ಲಿ ಬಿಸಾಕಿದ್ದು ಕೆಆರ್‌ಎಸ್ ದಾಟಿ, ಬೆಂಗಳೂರಿಗೆ ನೀರು ಪಂಪ್ ಮಾಡುವ ತೊರೆಕಾಡನಹಳ್ಳಿ ದಾಟಿ, ನಿಮ್ಮ ಮನೆ ನಲ್ಲಿಗೇ ಬರುತ್ತದೆ. 2024ರಲ್ಲಿ ಬೆಂಗಳೂರಿನ ಕಾವೇರಿ ನೀರಿನ ಯೋಜನೆಯ ಐದನೇ ಹಂತವೂ ಶುರುವಾಗಿದೆ, ಈಗ ಇನ್ನೂ ಜಾಸ್ತಿ ಬರುತ್ತದೆ.

ಭಾಷಣ ಇಷ್ಟು. ಪ್ರಶ್ನೆಗಳಲ್ಲಿ ಕೆಲವು ಇಲ್ಲಿ.

ಹಿರಿಯರೊಬ್ಬರು ಕೇಳಿದರು: "ಬೇಸಿಗೆಯಲ್ಲಿ ಹೊಳೆ ಬರೀ ಬಂಡೆ. ಚಿಕ್ಕದೊಂದು ಚೆಕ್ ಡ್ಯಾಮ್ ಕಟ್ಟಿದರೆ ವರ್ಷಪೂರ್ತಿ ಬೋಟಿಂಗ್ ಮಾಡಬಹುದಲ್ಲ ಮಾರಾಯ್ರೆ?" ಮಾಡಬಹುದು. ಆದರೆ ಅಡ್ಡಗಟ್ಟೆ ಮಳೆಗಾಲದಲ್ಲಿ ಎದ್ದು ಪಕ್ಕಕ್ಕೆ ಹೋಗುವುದಿಲ್ಲ. ಅದರ ಹಿಂದೆ ಹೂಳು ತುಂಬುತ್ತದೆ, ತಳ ಏರುತ್ತದೆ, ಅದೇ ನೆರೆ ಇನ್ನೂ ಎತ್ತರಕ್ಕೆ ಬರುತ್ತದೆ. ಮೀನು ಮೇಲಕ್ಕೆ ಹತ್ತುವ ದಾರಿ ಮುಚ್ಚುತ್ತದೆ. ನಿಂತ ನೀರಿನಲ್ಲಿ ಮೇಲಿನ ಕೊಳೆಯೆಲ್ಲ ಅಲ್ಲೇ ಉಳಿಯುತ್ತದೆ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ದಾಟುವುದೇ ಒಂದು ಆಟ. ನಾವು ಚಿಕ್ಕವರಿದ್ದಾಗ ಅದಕ್ಕೆ ಯಾರೂ ಟಿಕೆಟ್ ಕೇಳುತ್ತಿರಲಿಲ್ಲ.

ಒಬ್ಬ ಅಕ್ಕ ಕೇಳಿದ್ದು ನನಗೆ ಬಹಳ ಹಿಡಿಸಿತು: "ಎಲ್ಲ ಟೂರಿಸ್ಟಿಗೇ ಆಯ್ತು, ನಮಗೇನು?" ಸರಿಯಾದ ಮಾತು. ಊರಿನವರು ಸಂಜೆ ಹೋಗಿ ಕೂರಲು ಹೊಳೆದಂಡೆ ಎಲ್ಲಿದೆ? ಇದ್ದದ್ದನ್ನೆಲ್ಲ ಸೈಟ್ ಮಾಡಿ ಮಾರಿಯಾಗಿದೆ. ಆಚೆ ದಡ ಕೊಪ್ಪ, ಅದು ಮೈಸೂರು ಜಿಲ್ಲೆ, ಎರಡು ಜಿಲ್ಲೆ ಕೂತು ಮಾತಾಡಿದರೆ ಮಾತ್ರ ಎರಡೂ ದಂಡೆಯ ಯೋಜನೆ ಆಗುತ್ತದೆ. ದ್ವೀಪದಲ್ಲಿ ವಾರಕ್ಕೆ ಒಂದು ಬೆಳಗ್ಗೆ ಊರಿನವರಿಗೆ, ಶಾಲೆ ಮಕ್ಕಳಿಗೆ ಉಚಿತ ಮಾಡಬೇಕು, ಅದು ಯೋಜನೆಯ ಕಾಗದದಲ್ಲೇ ಇರಬೇಕು. ಟಿಕೆಟ್ ದುಡ್ಡಿನಲ್ಲಿ ಎಷ್ಟು ಪಾಲು ಇಲ್ಲೇ ಖರ್ಚಾಗುತ್ತದೆ ಅನ್ನುವುದೂ ವರ್ಷಕ್ಕೊಮ್ಮೆ ಗೋಡೆಗೆ ಅಂಟಿಸಬೇಕು. ಪಟ್ಟಣದಲ್ಲಿ ಹೊಳೆಗೆ ಅಂಟಿಕೊಂಡು ಇನ್ನೂ ಸರ್ಕಾರದ ಹೆಸರಿನಲ್ಲಿ ಉಳಿದಿರುವ ಚೂರುಪಾರು ಜಾಗ ಯಾವುದು ಅಂತ ಸರ್ವೆ ಮಾಡಿಸುವ ಕೆಲಸ ಇದಕ್ಕಿಂತ ಅರ್ಜೆಂಟ್.

ಕೊನೆಗೆ ಗೇಟಿನ ಹತ್ತಿರ ಅಂಗಡಿ ಇಟ್ಟಿರುವವರೊಬ್ಬರು ಎದ್ದು ನಿಂತರು. "ಸರ್, ಮಳೆಗಾಲದಲ್ಲಿ ಮುಚ್ಚಿ ಅಂತೀರಿ. ನಮ್ಮ ಹೊಟ್ಟೆಗೇನು?" ಇದಕ್ಕೆ ಉತ್ತರ ಇಲ್ಲದೆ ಯೋಜನೆ ಮಾಡಿದರೆ ಮೊದಲ ಮಳೆಗೇ ಯಾರೋ ಯಾರಿಗೋ ಫೋನ್ ಮಾಡಿಸಿ ಗೇಟು ತೆಗೆಸುತ್ತಾರೆ. ಹಾಗಾಗಿ ನನ್ನ ಲೆಕ್ಕ ಹೀಗೆ: ಮಳೆಗಾಲದ ಮೂರು ತಿಂಗಳು ಬಿಟ್ಟು, ಅಂಗಡಿ ಬಾಡಿಗೆಯನ್ನು ವರ್ಷಕ್ಕೆ ಒಂಬತ್ತು ತಿಂಗಳಿಗೆ ಮಾತ್ರ ನಿಗದಿ ಮಾಡಬೇಕು. ಅಂಗಡಿಗಳೆಲ್ಲ ಹೆದ್ದಾರಿ ಬದಿಯಲ್ಲೇ ಇದ್ದರೆ ದ್ವೀಪ ಮುಚ್ಚಿದರೂ ಮಡಿಕೇರಿಗೆ ಹೋಗುವ ಬಸ್ಸು ಕಾರು ನಿಲ್ಲುತ್ತವೆ, ಜೇನು, ಕಾಫಿಪುಡಿ, ಕರಿಮೆಣಸು ಮಾರಾಟ ನಿಲ್ಲುವುದಿಲ್ಲ. ದ್ವೀಪದ ದಿನಗೂಲಿಯವರಿಗೆ ಹನ್ನೆರಡು ತಿಂಗಳ ಕೂಲಿ ಬೇಕು, ಯಾಕೆಂದರೆ ನೆರೆ ಇಳಿದ ಮೇಲೆ ಕೆಸರು ತೆಗೆಯುವುದು, ದಾರಿ ಸರಿಮಾಡುವುದು, ಸಸಿ ನೆಡುವುದು, ಇಳಿಯುವ ಜಾಗದ ಆಳ ಅಳೆಯುವುದು ಎಲ್ಲ ಅದೇ ಮೂರು ತಿಂಗಳ ಕೆಲಸ. "ಬರೆದುಕೊಡ್ತೀರಾ?" ಅಂತ ಕೇಳಿದರು. ಬರೆದುಕೊಟ್ಟಿದ್ದೇನೆ. ಅವರು ಒಪ್ಪಿದರು, ಆದರೆ ಒಂಬತ್ತು ತಿಂಗಳು ಜಾಸ್ತಿಯಾಯಿತು, ಎಂಟು ಮಾಡಿ ಅಂದರು.